ಪೇಮೆಂಟ್ ಬಂದ ಮೇಲೆ, ಪಾರ್ಸೆಲ್ ಹೊರಡುವ ಮೊದಲು: ಸಣ್ಣ ಆನ್‌ಲೈನ್ ಅಂಗಡಿಯವರಿಗೆ ಕಾರ್ಡ್ ವಂಚನೆಯ ಪಾಠ

ಎಲ್ಲರಿಗೂ ನಮಸ್ಕಾರ.

ಇಲ್ಲಿ ಕೂತವರಲ್ಲಿ ಇಳಕಲ್ ಸೀರೆ ಮಾರುವವರಿದ್ದೀರಿ, ಚನ್ನಪಟ್ಟಣದ ಗೊಂಬೆ, ಕೊಡಗಿನ ಕಾಫಿಪುಡಿ, ಮನೆಯಲ್ಲೇ ಕುಟ್ಟಿದ ಚಟ್ನಿಪುಡಿ ಕಳಿಸುವವರಿದ್ದೀರಿ. ಅಂಗಡಿ ಸಣ್ಣದು. ಗಿರಾಕಿಗಳು ಮಾತ್ರ ಹುಬ್ಬಳ್ಳಿಯಲ್ಲೂ ಇದ್ದಾರೆ, ನ್ಯೂಜೆರ್ಸಿಯಲ್ಲೂ ಇದ್ದಾರೆ. ಹಣ ಬಂತು ಎಂದು ಫೋನಿಗೆ ಮೆಸೇಜ್ ಬಂದ ಗಳಿಗೆಯಿಂದ ಪಾರ್ಸೆಲ್ ಕೊರಿಯರ್‌ನವರ ಕೈಗೆ ಹೋಗುವ ಗಳಿಗೆಯವರೆಗೆ ನಡುವೆ ಕೆಲವು ಗಂಟೆ ಇರುತ್ತದಲ್ಲ, ಇವತ್ತಿನ ಮಾತೆಲ್ಲ ಅದರ ಬಗ್ಗೆಯೇ. ನಷ್ಟ ತಪ್ಪಿಸಿಕೊಳ್ಳಲು ಇರುವ ಜಾಗ ಅದು. ಪಾರ್ಸೆಲ್ ಹೋದ ಮೇಲೆ ಏನು ಮಾಡಿದರೂ ಅರ್ಧ ಕೆಲಸ.

ಮೊದಲು ಒಂದು ತಪ್ಪು ತಿಳಿವಳಿಕೆ. ‘ಪೇಮೆಂಟ್ ಸಕ್ಸೆಸ್’ ಎಂದು ಬಂದರೆ ಹಣ ನಿಮ್ಮದಾಯಿತು ಎಂದಲ್ಲ. ಈ ಕಾರ್ಡ್ ಚಾಲ್ತಿಯಲ್ಲಿದೆ, ಇಷ್ಟು ಹಣಕ್ಕೆ ಮಿತಿ ಇದೆ ಎಂದು ಕಾರ್ಡ್ ಕೊಟ್ಟ ಬ್ಯಾಂಕು ಹೇಳಿತು, ಅಷ್ಟೆ. ಕಾರ್ಡ್ ಯಾರ ಕೈಯಲ್ಲಿದೆ ಎಂದು ಅದು ಹೇಳಿಲ್ಲ. ಮುಂದೊಂದು ದಿನ ಕಾರ್ಡಿನ ಒಡೆಯರು ಸ್ಟೇಟ್‌ಮೆಂಟ್ ನೋಡಿ ‘ಇದು ನನ್ನ ಖರೀದಿ ಅಲ್ಲ’ ಎಂದೋ ‘ಹಣ ಕಟ್ಟಿದೆ, ಮಾಲು ಬರಲಿಲ್ಲ’ ಎಂದೋ ತಮ್ಮ ಬ್ಯಾಂಕಿಗೆ ದೂರು ಕೊಡುತ್ತಾರೆ. ಆ ಬ್ಯಾಂಕು ವೀಸಾ, ಮಾಸ್ಟರ್‌ಕಾರ್ಡ್, ರುಪೇ ಹೀಗೆ ಆಯಾ ನೆಟ್‌ವರ್ಕ್ ಮೂಲಕ ನಿಮ್ಮ ಕಡೆಯ ಬ್ಯಾಂಕಿನಿಂದ ಹಣ ವಾಪಸ್ ಪಡೆಯುತ್ತದೆ. ನಿಮ್ಮ ಪೇಮೆಂಟ್ ಗೇಟ್‌ವೇಯವರು, ಅಂದರೆ ಗಿರಾಕಿಯ ಹಣವನ್ನು ಆನ್‌ಲೈನಿನಲ್ಲಿ ಪಡೆದು ನಿಮ್ಮ ಖಾತೆಗೆ ಹಾಕುವ ಕಂಪನಿಯವರು, ಅದನ್ನು ಮುಂದಿನ ಸೆಟ್ಲ್‌ಮೆಂಟಿನಲ್ಲಿ (ನಿಮಗೆ ಹಾಕಬೇಕಾದ ಮುಂದಿನ ಹಣದಲ್ಲಿ) ಮುರಿದುಕೊಳ್ಳುತ್ತಾರೆ. ಚಾರ್ಜ್‌ಬ್ಯಾಕ್ ಎಂದರೆ ಇದು. ವೀಸಾ ನಿಯಮದಲ್ಲಿ ಬಹುತೇಕ ಕಾರಣಗಳಿಗೆ 120 ದಿನಗಳ ಅವಕಾಶ ಇದೆ. ಮಾಲು ಬರಲಿಲ್ಲ ಎನ್ನುವ ದೂರಿಗೆ ಈ ಎಣಿಕೆ ಶುರುವಾಗುವುದು ಮಾಲು ಬರಬೇಕಿದ್ದ ದಿನದಿಂದ. ದೀಪಾವಳಿಗೆ ಮಾರಿದ ಸೀರೆಯ ಲೆಕ್ಕ ಶಿವರಾತ್ರಿಯವರೆಗೂ ತೆರೆದೇ ಇರುತ್ತದೆ ಎಂದು ಇಟ್ಟುಕೊಳ್ಳಿ.

ಒಂದು ಚಾರ್ಜ್‌ಬ್ಯಾಕ್ ಎಷ್ಟು ಭಾರ ಎನ್ನುವುದನ್ನು ಕಾಗದದ ಮೇಲೆ ಹಾಕಿ ನೋಡೋಣ. ಸೀರೆಯ ಬೆಲೆ ₹9,500 ಎಂದಿಟ್ಟುಕೊಳ್ಳಿ. ನೇಕಾರರಿಗೆ ಕೊಟ್ಟಿದ್ದು ₹6,000, ಹೊರದೇಶದ ಕೊರಿಯರ್ ₹1,800, ಪ್ಯಾಕಿಂಗ್ ₹150. ಗೇಟ್‌ವೇ ಶುಲ್ಕ ಶೇ 3 ಎಂದರೆ ₹285, ಆ ಶುಲ್ಕದ ಮೇಲೆ ಶೇ 18 ಜಿಎಸ್‌ಟಿ ಸೇರಿ ₹336. ನಿಮಗೆ ಉಳಿದದ್ದು ₹1,214. ಈ ಮಾರಾಟ ವಾಪಸ್ ಹೋದರೆ ಆ ₹1,214 ಹೋಗುವುದಷ್ಟೇ ಅಲ್ಲ, ಕೈಯಿಂದ ಹಾಕಿದ ₹8,286 ಕೂಡ ಹೋಗುತ್ತದೆ. ಅದನ್ನು ತುಂಬಿಕೊಳ್ಳಲು ಇನ್ನೂ 7 ಸೀರೆ ಮಾರಬೇಕು, ಆ ಏಳರಲ್ಲಿ ಒಂದು ರೂಪಾಯಿ ಲಾಭವಿಲ್ಲದೆ. ಗೇಟ್‌ವೇಯವರು ವಿಧಿಸುವ ಡಿಸ್ಪ್ಯೂಟ್ ಶುಲ್ಕ ಇದರ ಮೇಲೆ. ಅನುಮಾನ ಬಂದ ಒಂದು ಆರ್ಡರ್ ಬಿಟ್ಟರೆ ಏನು ಕಳೆದುಕೊಳ್ಳುತ್ತೇವೆ, ಕಳಿಸಿದರೆ ಏನು ಕಳೆದುಕೊಳ್ಳುತ್ತೇವೆ ಎಂದು ತೂಗುವಾಗ ಈ ಲೆಕ್ಕ ಎದುರಿಗಿರಲಿ.

ಓಟಿಪಿ ಏನನ್ನು ಕಾಯುತ್ತದೆ

ನಮ್ಮ ದೇಶದ ಕಾರ್ಡುಗಳ ಮಟ್ಟಿಗೆ ನಾವು ಪುಣ್ಯವಂತರು. ಆನ್‌ಲೈನ್ ಖರೀದಿಗೆ ಕಾರ್ಡಿನ ಮೇಲೆ ಅಚ್ಚಾಗಿರದ ಇನ್ನೊಂದು ಗುರುತು ಕೇಳಲೇಬೇಕು ಎಂದು ಆರ್‌ಬಿಐ 2009ರ ಆಗಸ್ಟ್ 1ರಿಂದ ಕಡ್ಡಾಯ ಮಾಡಿತು. ಇವತ್ತಿನ ಓಟಿಪಿ ಆ ನಿಯಮದ ಮುಖ. ಬ್ಯಾಂಕು ಓಟಿಪಿ ಕೇಳಿ, ಸರಿಯಾದ ಓಟಿಪಿ ಬಂದ ಮೇಲೆ ಒಪ್ಪಿದ ಪೇಮೆಂಟಿನ ಮೇಲೆ ಗಿರಾಕಿ ‘ಇದು ನನ್ನ ಖರೀದಿಯಲ್ಲ’ ಎಂದರೆ ನಷ್ಟದ ಹೊಣೆ ಸಾಮಾನ್ಯವಾಗಿ ಕಾರ್ಡ್ ಕೊಟ್ಟ ಬ್ಯಾಂಕಿನದು, ಅಂಗಡಿಯದಲ್ಲ.

ಇದನ್ನು ಕೇಳಿ ಹಲವರು ನಿರಾಳವಾಗಿಬಿಡುತ್ತಾರೆ. ಓಟಿಪಿ ಹೇಳುವುದು ಕಟ್ಟಿದವರು ಯಾರು ಎಂಬುದನ್ನು ಮಾತ್ರ. ಮಾಲು ತಲುಪಲಿಲ್ಲ, ಚಿತ್ರದಲ್ಲಿದ್ದ ಹಾಗಿಲ್ಲ, ರೀಫಂಡ್ ಕೊಡುತ್ತೇವೆ ಎಂದವರು ಕೊಡಲಿಲ್ಲ, ಒಂದೇ ಆರ್ಡರ್‌ಗೆ ಎರಡು ಸಲ ಹಣ ಹೋಯಿತು: ಇಂಥ ದೂರುಗಳಿಗೆ ಓಟಿಪಿ ಯಾವ ಅಡ್ಡಿಯೂ ಅಲ್ಲ. ದೇಶದೊಳಗೆ ಮಾತ್ರ ಮಾರುವ ಅಂಗಡಿ ಕಾಯಬೇಕಾದ ಬಾಗಿಲು ಇದು.

ಹೊರದೇಶದ ಬ್ಯಾಂಕುಗಳ ಕಾರ್ಡಿನ ಕಥೆಯೇ ಬೇರೆ. ಅಮೆರಿಕದ ಕಾರ್ಡೊಂದು ನಂಬರ್, ಅವಧಿ ಮುಗಿಯುವ ತಿಂಗಳು, ಸಿವಿವಿ ಇಷ್ಟರಿಂದಲೇ ನಿಮ್ಮ ಅಂಗಡಿಯಲ್ಲಿ ಪಾಸಾಗಬಹುದು. ಆ ಮೂರೂ ಕದ್ದ ಕಾರ್ಡುಗಳ ಪಟ್ಟಿಯಲ್ಲಿ ಇರುತ್ತವೆ. ಹಾಗಾಗಿ ಮೊದಲ ಕೆಲಸ: ಹೊರದೇಶಕ್ಕೂ ಕಳಿಸುವುದಿಲ್ಲ, ಹೊರದೇಶದ ಗಿರಾಕಿಗಳೂ ಇಲ್ಲ ಎಂದಾದರೆ ಗೇಟ್‌ವೇ ಡ್ಯಾಶ್‌ಬೋರ್ಡಿನಲ್ಲಿ ಇಂಟರ್‌ನ್ಯಾಷನಲ್ ಕಾರ್ಡ್ ಸೌಲಭ್ಯವನ್ನು ಬಂದ್ ಮಾಡಿ. ಅರ್ಧ ತಲೆನೋವು ಅಲ್ಲಿಗೇ ಮುಗಿಯುತ್ತದೆ.

ಹೊರಗಿನ ಗಿರಾಕಿಗಳು ಬೇಕು ಎಂದರೆ ಆ ಕಾರ್ಡುಗಳಿಗೂ 3ಡಿ ಸೆಕ್ಯೂರ್ ಕಡ್ಡಾಯ ಮಾಡಲು ಗೇಟ್‌ವೇಯವರನ್ನು ಕೇಳಿ. ನಮ್ಮ ಓಟಿಪಿ ಪುಟದ ಹಿಂದೆ ಕೆಲಸ ಮಾಡುವುದೂ ಇದೇ ವ್ಯವಸ್ಥೆ. ಇದಾದ ಮೇಲೆ ಪ್ರತಿ ಪೇಮೆಂಟಿಗೂ ಇಸಿಐ ಎಂಬ ಎರಡಂಕಿಯ ಸಂಕೇತ ದಾಖಲಾಗುತ್ತದೆ. ವೀಸಾದಲ್ಲಿ 05, ಮಾಸ್ಟರ್‌ಕಾರ್ಡಿನಲ್ಲಿ 02 ಎಂದಿದ್ದರೆ ಗಿರಾಕಿಯ ಗುರುತು ಪೂರ್ತಿ ದೃಢಪಟ್ಟಿದೆ. 06 ಅಥವಾ 01 ಎಂದರೆ ನಿಮ್ಮ ಕಡೆಯಿಂದ ಕೇಳಲಾಗಿತ್ತು, ಆಚೆ ಕಡೆ ಪೂರ್ತಿಯಾಗಲಿಲ್ಲ. 07 ಅಥವಾ 00 ಎಂದರೆ ಗುರುತಿನ ಪರೀಕ್ಷೆ ನಡೆದಿಲ್ಲ, ವಂಚನೆಯಾದರೆ ಪೂರ್ತಿ ನಷ್ಟ ನಿಮ್ಮದೇ. ಈ ಸಂಕೇತ ನಿಮ್ಮ ಡ್ಯಾಶ್‌ಬೋರ್ಡಿನಲ್ಲಿ ಕಾಣದಿದ್ದರೆ ಎಲ್ಲಿ ಸಿಗುತ್ತದೆ ಎಂದು ಅವರಿಂದ ಬರಹದಲ್ಲಿ ಉತ್ತರ ಪಡೆಯಿರಿ. ಎಲ್ಲಕ್ಕೂ ಕಡ್ಡಾಯ ಮಾಡಿದರೆ ಕೆಲವು ಪ್ರಾಮಾಣಿಕ ಗಿರಾಕಿಗಳ ಕಾರ್ಡ್ ಕೂಡ ಪಾಸಾಗುವುದಿಲ್ಲ, ಅದು ನಿಜ. ಆದರೂ ಸೀರೆಯಂಥ ಬೆಲೆಬಾಳುವ ಮಾಲಿಗೆ ಕಡ್ಡಾಯ ಇರಲಿ ಎಂಬುದೇ ನಮ್ಮ ಸಲಹೆ. ₹300ರ ಚಟ್ನಿಪುಡಿಗೆ ಬೇಕಾದರೆ ಸಡಿಲ ಬಿಡಿ.

ಅಮೆರಿಕ, ಕೆನಡಾ, ಬ್ರಿಟನ್ ಕಾರ್ಡುಗಳಿಗೆ ಎವಿಎಸ್ ಎಂಬ ವಿಳಾಸ ಪರೀಕ್ಷೆಯೂ ಕೆಲವು ಗೇಟ್‌ವೇಗಳಲ್ಲಿ ಸಿಗುತ್ತದೆ. ಅದು ಹೋಲಿಸಿ ನೋಡುವುದು ಮುಖ್ಯವಾಗಿ ಅಂಕಿಗಳನ್ನು: ಮನೆ ನಂಬರ್ 42, ಜಿಪ್ ಕೋಡ್ 08820 ಹೀಗೆ. ಎರಡೂ ಕೂಡಿಬಂದರೆ ಒಳ್ಳೆಯದು. ಎರಡೂ ತಪ್ಪಿದರೆ ನಿಲ್ಲಿಸಿ. ಜಿಪ್ ಸರಿಯಿದ್ದು ಮನೆ ನಂಬರ್ ತಪ್ಪಿದ್ದರೆ ಇತ್ತೀಚೆಗೆ ಮನೆ ಬದಲಿಸಿದವರೂ ಇರಬಹುದು, ಫೋನ್ ಮಾಡಿ ವಿಚಾರಿಸಿ.

ಒಂದು ಆರ್ಡರನ್ನು ಓದುವುದು

ಈಗ ಒಂದು ಆರ್ಡರನ್ನು ಮೇಜಿನ ಮೇಲಿಟ್ಟು ನೋಡೋಣ. ರಾತ್ರಿ 2:40ಕ್ಕೆ ಬಂದಿದೆ. ಆರು ಸೀರೆ, ಆರೂ ಒಂದೇ ಬಣ್ಣ, ಒಟ್ಟು ₹57,000. ಅಮೆರಿಕದ ಕಾರ್ಡ್. ತಲುಪಿಸಬೇಕಾದದ್ದು ಡೆಲಾವೇರ್ ರಾಜ್ಯದ ವಿಳಾಸಕ್ಕೆ, ಹೆಸರಿನ ಪಕ್ಕ ಒಂದು ಉದ್ದನೆಯ ಯೂನಿಟ್ ನಂಬರ್. ಬೆಳಿಗ್ಗೆ ಒಂದು ಮೇಲ್: ಬೇಗ ಕಳಿಸಿ, ಕೊರಿಯರ್ ಖರ್ಚು ಎಷ್ಟಾದರೂ ಆಗಲಿ.

ಯಾವುದು ಲಕ್ಷಣ, ಯಾವುದು ಅಲ್ಲ? ರಾತ್ರಿ 2:40 ಲಕ್ಷಣವಲ್ಲ, ನ್ಯೂಯಾರ್ಕಿನಲ್ಲಿ ಆಗ ಸಂಜೆಯ ಹೊತ್ತು. ಡೆಲಾವೇರ್‌ನಲ್ಲಿ ಮಾರಾಟ ತೆರಿಗೆ ಇಲ್ಲ, ಹಾಗಾಗಿ ಬೇರೆ ದೇಶಗಳಿಗೆ ಪಾರ್ಸೆಲ್ ಮುಂದೆ ಸಾಗಿಸುವ ಗೋದಾಮುಗಳು ಅಲ್ಲಿ ಬಹಳ. ಆ ಉದ್ದನೆಯ ಯೂನಿಟ್ ನಂಬರ್ ಅಂಥ ಗೋದಾಮಿನ ಗಿರಾಕಿ ಸಂಖ್ಯೆ ಇರಬಹುದು. ಅದೊಂದರಿಂದಲೇ ವಂಚನೆ ಎನ್ನಲಾಗದು. ಆದರೆ ಅಲ್ಲಿಗೆ ತಲುಪಿದ ಮೇಲೆ ಪಾರ್ಸೆಲ್ ಎಲ್ಲಿಗೆ ಹೋಯಿತು ಎಂದು ನಿಮಗೆ ತಿಳಿಯುವುದಿಲ್ಲ. ಒಂದೇ ಬಣ್ಣದ ಆರು ಸೀರೆ ಎನ್ನುವುದು ಇನ್ನೂ ಭಾರವಾದ ಸುಳಿವು. ಉಡಲು ಕೊಳ್ಳುವವರು ಅಂಚು ನೋಡುತ್ತಾರೆ, ಟೋಪ್‌ತೆನಿ ಸೆರಗು ರೇಷ್ಮೆಯದೋ ಅಲ್ಲವೋ ಎಂದು ಕೇಳುತ್ತಾರೆ, ಬ್ಲೌಸ್ ಪೀಸ್ ಇದೆಯಾ, ಫಾಲ್ ಹಾಕಿಸಿ ಕೊಡ್ತೀರಾ ಎಂದು ಕೇಳುತ್ತಾರೆ. ಇದ್ಯಾವುದನ್ನೂ ಕೇಳದೆ ‘ಬೇಗ, ಬೇಗ’ ಎನ್ನುವವರಿಗೆ ಬೇಕಿರುವುದು ಮಾಲಿನ ಮರುಮಾರಾಟ ಬೆಲೆ ಇರಬಹುದು.

ಎಲ್ಲಕ್ಕಿಂತ ಗಟ್ಟಿಯಾದ ಲಕ್ಷಣ ಆರ್ಡರ್ ಪುಟದಲ್ಲಿ ಇರುವುದೇ ಇಲ್ಲ. ಗೇಟ್‌ವೇಯ ಫೇಲ್ ಆದ ಪೇಮೆಂಟುಗಳ ಪಟ್ಟಿ ತೆರೆಯಿರಿ. ಇದೇ ಮೇಲ್‌ನಿಂದ, ಇದೇ ಐಪಿಯಿಂದ (ಇಂಟರ್‌ನೆಟ್ ಸಂಪರ್ಕದ ವಿಳಾಸದಿಂದ) ಸ್ವಲ್ಪ ಹೊತ್ತಿನ ಹಿಂದೆ ನಡೆದ ಪ್ರಯತ್ನಗಳನ್ನು, ಅವುಗಳ ಕಾರ್ಡಿನ ಕೊನೆಯ ನಾಲ್ಕು ಅಂಕಿಗಳನ್ನು ನೋಡಿ. ನಾಲ್ಕು ಅಂಕಿ ಪ್ರತಿ ಸಲವೂ ಒಂದೇ ಆಗಿದ್ದರೆ ಯಾರೋ ಸಿವಿವಿ ತಪ್ಪಾಗಿ ಒತ್ತಿದ್ದಾರೆ, ಎಲ್ಲರಿಗೂ ಆಗುತ್ತದೆ. ಹತ್ತು ನಿಮಿಷದಲ್ಲಿ ಮೂರು ಬೇರೆ ಬೇರೆ ಕಾರ್ಡ್ ಫೇಲ್ ಆಗಿ ನಾಲ್ಕನೆಯದು ಪಾಸಾಗಿದ್ದರೆ ಅವರ ಕೈಯಲ್ಲಿರುವುದು ಪರ್ಸಲ್ಲ, ಪಟ್ಟಿ. ಅಂಥದ್ದನ್ನು ಕಳಿಸಬೇಡಿ.

ಇನ್ನು ನಮ್ಮವರದೇ ಒಂದು ವಿಶೇಷ ಹೇಳಬೇಕು. ಕಾರ್ಡ್ ಒಬ್ಬರ ಹೆಸರಲ್ಲಿ, ವಿಳಾಸ ಇನ್ನೊಬ್ಬರದು ಎಂದರೆ ಅನುಮಾನಿಸಿ ಎಂದು ಹೊರಗಿನ ಪಾಠಗಳೆಲ್ಲ ಹೇಳುತ್ತವೆ. ಆದರೆ ನ್ಯೂಜೆರ್ಸಿಯ ಮಗಳು ಗೌರಿ ಹಬ್ಬಕ್ಕೆ ಧಾರವಾಡದ ತಾಯಿಗೆ ಸೀರೆ ಕಳಿಸುವಾಗ ಕಾಣುವುದು ಇದೇ ಚಿತ್ರ: ಅಮೆರಿಕದ ಕಾರ್ಡ್, ಕರ್ನಾಟಕದ ವಿಳಾಸ, ಎರಡು ಹೆಸರು. ಇದನ್ನೇ ತಿರಸ್ಕರಿಸುತ್ತ ಹೋದರೆ ನಮ್ಮ ಒಳ್ಳೆಯ ಗಿರಾಕಿಗಳನ್ನೇ ಓಡಿಸಿದ ಹಾಗೆ. ಚೆಕ್‌ಔಟ್ ಪುಟದಲ್ಲಿ ‘ಇದು ಉಡುಗೊರೆಯೇ’ ಎಂಬ ಒಂದು ಗುರುತು, ಕಳಿಸುವವರ ಫೋನ್ ಮತ್ತು ಪಡೆಯುವವರ ಫೋನ್ ಎರಡಕ್ಕೂ ಜಾಗ ಇಡಿ. ಹಣ ಕಟ್ಟಿದವರಿಗೆ ಒಂದು ಕರೆ ಮಾಡಿ, ‘ಅಮ್ಮನವರು ಯಾವ ಹೊತ್ತಿಗೆ ಮನೆಯಲ್ಲಿರುತ್ತಾರೆ?’ ಎಂದು ಕೇಳಿ. ಮಗಳಿಗೆ ಗೊತ್ತಿರುತ್ತದೆ. ಕಳ್ಳರಿಗೆ ಗೊತ್ತಿರುವುದಿಲ್ಲ.

ಕರೆ ಮಾಡಿದಾಗ ಕಾರ್ಡಿನ ಫೋಟೊ ಮಾತ್ರ ಕೇಳಬೇಡಿ. ಪೂರ್ತಿ ನಂಬರು, ಸಿವಿವಿ ನಿಮ್ಮ ವಾಟ್ಸಾಪ್‌ನಲ್ಲಿ ಬಂದು ಕೂತರೆ ನೀವೇ ಸೋರುವ ಜಾಗ ಆಗುತ್ತೀರಿ. ಆರ್‌ಬಿಐ ನಿಯಮದಂತೆ 2022ರ ಅಕ್ಟೋಬರ್ 1ರಿಂದ ಅಂಗಡಿಯವರು ಕಾರ್ಡ್ ನಂಬರ್ ಉಳಿಸಿಕೊಳ್ಳುವಂತೆಯೇ ಇಲ್ಲ. ಕೊನೆಯ ನಾಲ್ಕು ಅಂಕಿ ಮತ್ತು ಬ್ಯಾಂಕಿನ ಹೆಸರು ಸಾಕು. ಯಾರಾದರೂ ತಾವಾಗಿ ಕಳಿಸಿದರೂ ಆಗಲೇ ಅಳಿಸಿ, ಹಾಗೆ ಕಳಿಸಬೇಡಿ ಎಂದು ತಿಳಿಸಿ.

ಇಷ್ಟೆಲ್ಲ ನೋಡಲು ಸಮಯ ಬೇಕಲ್ಲ? ಅದಕ್ಕೆ ಗೇಟ್‌ವೇಯಲ್ಲಿ ಮ್ಯಾನ್ಯುವಲ್ ಕ್ಯಾಪ್ಚರ್ ಎಂಬ ಸೌಲಭ್ಯ ಇದೆ. ಗಿರಾಕಿಯ ಕಾರ್ಡಿನಲ್ಲಿ ಹಣ ಹಿಡಿದಿಟ್ಟಿರುತ್ತದೆ, ನೀವು ಕ್ಯಾಪ್ಚರ್ ಒತ್ತಿದ ಮೇಲಷ್ಟೇ ನಿಮ್ಮ ಕಡೆ ಬರುತ್ತದೆ. ಅನುಮಾನ ಬಗೆಹರಿಯದಿದ್ದರೆ ಒತ್ತಬೇಡಿ, ಹಿಡಿದ ಹಣ ಗಿರಾಕಿಗೆ ಬಿಡುಗಡೆಯಾಗುತ್ತದೆ. ಗೇಟ್‌ವೇ ಕೊಟ್ಟ ಗಡುವು ಮಾತ್ರ ಮರೆಯಬೇಡಿ. ಅದು ದಾಟಿದರೆ ಒಳ್ಳೆಯ ಆರ್ಡರಿನ ಹಣವೂ ವಾಪಸ್ ಹೋಗುತ್ತದೆ. ಆಗಲೇ ಕ್ಯಾಪ್ಚರ್ ಆಗಿಬಿಟ್ಟಿದ್ದರೆ ಪಾರ್ಸೆಲ್ ಕಳಿಸದೆ ಪೂರ್ತಿ ರೀಫಂಡ್ ಮಾಡಿ. ರೀಫಂಡ್ ಯಾವತ್ತೂ ಹಣ ಬಂದ ಕಾರ್ಡಿಗೇ, ಗೇಟ್‌ವೇ ಮೂಲಕವೇ. ‘ಜಾಸ್ತಿ ಹಣ ಕಟ್ಟಿಬಿಟ್ಟೆ, ಉಳಿದದ್ದನ್ನು ಈ ಯುಪಿಐಗೆ ಹಾಕಿ’ ಎಂದರೆ ಹಾಕಬೇಡಿ. ಕದ್ದ ಕಾರ್ಡಿನ ಹಣವನ್ನು ನಿಮ್ಮ ಕೈಯಿಂದ ನಗದು ಮಾಡಿಸಿಕೊಳ್ಳುವ ದಾರಿ ಅದು. ಆಮೇಲೆ ಕಾರ್ಡಿನ ಕಡೆಯಿಂದ ಚಾರ್ಜ್‌ಬ್ಯಾಕ್ ಬಂದಾಗ ಅಷ್ಟೂ ಹಣ ಇನ್ನೊಮ್ಮೆ ಹೋಗುತ್ತದೆ.

ಸಣ್ಣ ಮೊತ್ತದ ದೊಡ್ಡ ತೊಂದರೆ

ಕಾಫಿಪುಡಿ, ಚಟ್ನಿಪುಡಿಯವರು ನಮ್ಮ ಮಾಲು ಯಾರು ಕದಿಯುತ್ತಾರೆ ಎಂದುಕೊಳ್ಳಬೇಡಿ. ನಿಮ್ಮ ಹತ್ತಿರ ಬರುವವರಿಗೆ ಪುಡಿ ಬೇಡ. ಪಟ್ಟಿಯಲ್ಲಿರುವ ಸಾವಿರ ಕಾರ್ಡಿನಲ್ಲಿ ಯಾವುದು ಇನ್ನೂ ಬದುಕಿದೆ ಎಂದು ತಿಳಿಯಲು ಕಡಿಮೆ ಬೆಲೆಯ ಒಂದು ವಸ್ತು ಬೇಕು, ಅಷ್ಟೆ. ಪ್ರೋಗ್ರಾಮೊಂದು ನಿಮಿಷಕ್ಕೆ ಹತ್ತಾರು ಕಾರ್ಡ್ ಒತ್ತುತ್ತ ಹೋಗುತ್ತದೆ. ಬೆಳಿಗ್ಗೆ ಎದ್ದಾಗ ಫೇಲ್ ಆದವು ಮುನ್ನೂರು, ಪಾಸಾದವು ಐದು. ಆ ಐದನ್ನು ನೋಡಿ ಖುಷಿಪಡಬೇಡಿ. ಪಾಸಾದದ್ದನ್ನೆಲ್ಲ ಆ ದಿನವೇ ರೀಫಂಡ್ ಮಾಡಿ. ಮುಂದಕ್ಕೆ ಪೇಮೆಂಟ್ ಬಟನ್ ಮುಂದೆ ಕ್ಯಾಪ್ಚಾ (ಒತ್ತುತ್ತಿರುವುದು ಮನುಷ್ಯರೇ ಎಂದು ನೋಡುವ ಪರೀಕ್ಷೆ) ಹಾಕಿಸಿ. ಒಂದೇ ಐಪಿ ಅಥವಾ ಒಂದೇ ಸೆಷನ್ನಿನಿಂದ ಮೂರ್ನಾಲ್ಕು ಸಲ ಫೇಲ್ ಆದರೆ ಒಂದು ಗಂಟೆ ತಡೆಯಿರಿ. ಗಿರಾಕಿಯೇ ಮೊತ್ತ ಬರೆದು ಕಟ್ಟುವ ಪುಟ ಇದ್ದರೆ ತೆಗೆದುಬಿಡಿ, ಇಂಥವರು ಮೊದಲು ಹುಡುಕುವುದು ಅದನ್ನೇ.

ವೆಬ್‌ಸೈಟ್ ಮಾಡಿಕೊಟ್ಟವರಿಗೆ ಎರಡೇ ಮಾತು ಹೇಳಿ. ಕಾರ್ಡ್ ತುಂಬುವ ಪುಟ ಗೇಟ್‌ವೇಯದೇ ಇರಲಿ, ನಮ್ಮ ಸೈಟಿನಲ್ಲಿ ಬೇಡ. ಹಳೆಯ ಪ್ಲಗಿನ್‌ನಲ್ಲಿ ತೂರಿಕೊಂಡ ನಾಲ್ಕು ಸಾಲಿನ ಕೋಡು ಗಿರಾಕಿ ಒತ್ತುವ ಅಂಕಿಗಳನ್ನು ಕದಿಯಬಲ್ಲದು. ಎರಡನೆಯದು, ಹಣ ಬಂತು ಎಂದು ನಂಬಬೇಕಾದದ್ದು ಗೇಟ್‌ವೇ ಸರ್ವರಿನಿಂದ ಬಂದ, ಡಿಜಿಟಲ್ ಸಹಿ ತಾಳೆಯಾದ ವೆಬ್‌ಹುಕ್ ಸಂದೇಶವನ್ನು (ಆ ಸರ್ವರ್ ನೇರವಾಗಿ ನಮ್ಮ ಸೈಟಿಗೆ ಕಳಿಸುವ ಸೂಚನೆಯನ್ನು); ಅದರಲ್ಲಿರುವ ಮೊತ್ತ ನಮ್ಮ ಆರ್ಡರಿನ ಮೊತ್ತಕ್ಕೆ ಸರಿಹೊಂದಿದ ಮೇಲೆ. ಗಿರಾಕಿ ಕಳಿಸಿದ ಸ್ಕ್ರೀನ್‌ಶಾಟ್ ಪುರಾವೆಯಲ್ಲ.

ಪ್ರಾಮಾಣಿಕ ಗಿರಾಕಿಯೂ ಚಾರ್ಜ್‌ಬ್ಯಾಕ್ ಹಾಕುತ್ತಾರೆ

ಕಳ್ಳರಲ್ಲದವರಿಂದ ಬರುವ ದೂರುಗಳಿಗೆ ಬಹಳಷ್ಟು ಸಲ ಕಾರಣ ನಾವೇ. ಅಂಗಡಿಯ ಹೆಸರು ಒಂದು, ಜಿಎಸ್‌ಟಿಯಲ್ಲಿ ಯಜಮಾನರ ಹೆಸರು ಇನ್ನೊಂದು, ಗಿರಾಕಿಯ ಸ್ಟೇಟ್‌ಮೆಂಟಿನಲ್ಲಿ ಕಾಣುವುದು ಆ ಇನ್ನೊಂದು. ತಿಂಗಳ ಕೊನೆಗೆ ಅದನ್ನು ನೋಡಿ ಗುರುತು ಹತ್ತದೆ ಬ್ಯಾಂಕಿಗೆ ಫೋನ್ ಮಾಡುತ್ತಾರೆ. ಇವತ್ತೇ ನಿಮ್ಮದೇ ಕಾರ್ಡಿನಿಂದ ನಿಮ್ಮ ಅಂಗಡಿಯಲ್ಲಿ ಒಂದು ಸಣ್ಣ ಖರೀದಿ ಮಾಡಿ, ಸ್ಟೇಟ್‌ಮೆಂಟಿನಲ್ಲಿ ಏನು ಬರುತ್ತದೆ ನೋಡಿ. ಗಿರಾಕಿಗೆ ಗೊತ್ತಿರುವ ಹೆಸರಲ್ಲದಿದ್ದರೆ ಬದಲಿಸಿಕೊಡಲು ಗೇಟ್‌ವೇಗೆ ಬರೆಯಿರಿ. ಅಲ್ಲಿಯವರೆಗೆ ಆರ್ಡರ್ ಮೇಲ್‌ನಲ್ಲೇ ‘ನಿಮ್ಮ ಸ್ಟೇಟ್‌ಮೆಂಟಿನಲ್ಲಿ ಈ ಹೆಸರು ಕಾಣುತ್ತದೆ’ ಎಂದು ಒಂದು ಸಾಲು ಸೇರಿಸಿ.

ಹಬ್ಬದ ಹೊತ್ತಿನಲ್ಲಿ ಐದು ದಿನ ಎಂದು ಹೇಳಿ ಹನ್ನೆರಡು ದಿನ ಮಾಡುವುದು ಎರಡನೆಯ ಕಾರಣ. ತಡವಾಗುವುದು ತಿಳಿದ ದಿನವೇ ತಿಳಿಸಿ, ಬೇಡ ಎಂದರೆ ಹಣ ವಾಪಸ್ ಕೊಡಿ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ದೂರು ತಲುಪಿದೆ ಎಂದು 48 ಗಂಟೆಯೊಳಗೆ ತಿಳಿಸಬೇಕು. ಉತ್ತರ ಸಿಗದ ಗಿರಾಕಿ ಮುಂದೆ ಹೋಗುವುದು ಬ್ಯಾಂಕಿಗೆ.

ಮೂರನೆಯದು ಅಮೆರಿಕದ ಸುಂಕ. 800 ಡಾಲರ್ ಒಳಗಿನ ಪಾರ್ಸೆಲ್‌ಗಿದ್ದ ವಿನಾಯಿತಿಯನ್ನು ಆ ದೇಶ 2025ರ ಆಗಸ್ಟ್ 29ರಿಂದ ನಿಲ್ಲಿಸಿತು. ಬಾಗಿಲಲ್ಲಿ ಸುಂಕ ಕೇಳಿದಾಗ ಗಿರಾಕಿ ಪಾರ್ಸೆಲ್ ಬೇಡ ಎಂದು ಬಿಟ್ಟು, ಮಾಲು ಬರಲಿಲ್ಲ ಎಂದು ಬರೆದುಬಿಡಬಹುದು. ಸುಂಕ ಯಾರು ಕಟ್ಟುತ್ತಾರೆ ಎಂಬುದು ಹಣ ಕಟ್ಟುವ ಪುಟದಲ್ಲೇ, ಗಿರಾಕಿ ಟಿಕ್ ಹಾಕಿ ಒಪ್ಪುವ ಹಾಗೆ ಇರಲಿ.

ಪ್ಯಾಕಿಂಗ್ ಮೇಜಿನ ಮೇಲೆ ಒಂದು ಅಭ್ಯಾಸ ಮಾಡಿಕೊಳ್ಳಿ. ಸೀರೆ ಬಿಡಿಸಿ ಅಂಚು, ಸೆರಗು ತೋರಿಸಿ, ಮಡಿಸಿ, ಕವರಿಗೆ ಹಾಕಿ, ಅಂಟಿಸಿ, ತಕ್ಕಡಿಯ ಮೇಲಿಟ್ಟು, ತೂಕದ ಅಂಕಿಯೂ ಲೇಬಲ್ಲಿನ ಎಡಬ್ಲ್ಯೂಬಿ ನಂಬರೂ (ಕೊರಿಯರಿನ ಟ್ರ್ಯಾಕಿಂಗ್ ಸಂಖ್ಯೆ) ಒಟ್ಟಿಗೆ ಕಾಣುವ ಹಾಗೆ ಒಂದೇ ಓಟದ ವಿಡಿಯೊ. ನಡುವೆ ಕತ್ತರಿಸಬೇಡಿ. ನಿಮ್ಮ ತಕ್ಕಡಿ 780 ಗ್ರಾಂ ತೋರಿಸಿ ಕೊರಿಯರ್ ರಸೀದಿಯಲ್ಲೂ ಅಷ್ಟೇ ಇದ್ದರೆ ‘ಖಾಲಿ ಪೊಟ್ಟಣ ಬಂತು’ ಎನ್ನುವ ದೂರು ನಿಲ್ಲುವುದು ಕಷ್ಟ. ಡೆಲಿವರಿಯಾದ ದಿನವೇ ಸಹಿಯಿರುವ ಪಿಒಡಿ (ಪಾರ್ಸೆಲ್ ತಲುಪಿದ ಪುರಾವೆಯ ಹಾಳೆ) ಇಳಿಸಿಕೊಳ್ಳಿ, ದೂರು ಬರುವ ಹೊತ್ತಿಗೆ ಕೊರಿಯರ್ ಸೈಟಿನಲ್ಲಿ ಅದು ಸಿಗದೆ ಹೋಗಬಹುದು. ದಾರಿಯಲ್ಲಿ ವಿಳಾಸ ಬದಲಿಸಲು ಬಿಡಬೇಡಿ ಎಂದು ಕೊರಿಯರ್‌ನವರಿಗೆ ಮೊದಲೇ ಹೇಳಿ. ಆರ್ಡರಿನ ವಿಳಾಸ ಬಿಟ್ಟು ಬೇರೆಡೆ ಇಳಿದ ಪಾರ್ಸೆಲಿನ ಪಿಒಡಿ ನಿಮ್ಮ ಪರ ನಿಲ್ಲುವುದಿಲ್ಲ.

ನೋಟಿಸ್ ಬಂದ ದಿನ

ಚಾರ್ಜ್‌ಬ್ಯಾಕ್ ನೋಟಿಸ್ ಮೇಲ್‌ಗೆ ಬರುತ್ತದೆ, ಉತ್ತರಿಸಲು ಕೊಡುವ ದಿನಗಳು ಕಡಿಮೆ. ದಿನಕ್ಕೊಮ್ಮೆ ನೋಡುವ ಮೇಲ್ ವಿಳಾಸವನ್ನೇ ಗೇಟ್‌ವೇಗೆ ಕೊಟ್ಟಿರಿ. ನೋಟಿಸ್ ಬಂದ ಮೇಲೆ ಗಾಬರಿಯಲ್ಲಿ ರೀಫಂಡ್ ಒತ್ತಬೇಡಿ. ಹಣ ಆಗಲೇ ಆ ದಾರಿಯಲ್ಲಿ ಹೋಗುತ್ತಿದೆ, ನೀವು ಇನ್ನೊಮ್ಮೆ ಕೊಟ್ಟರೆ ಎರಡು ಸಲ ಹೋಗುತ್ತದೆ.

ಮೊದಲು ನೋಡಬೇಕಾದದ್ದು ಕಾರಣದ ಸಂಕೇತ. ವೀಸಾ 13.1 ಎಂದರೆ ಮಾಲು ತಲುಪಲಿಲ್ಲ, 13.3 ಎಂದರೆ ಹೇಳಿದ ಹಾಗಿಲ್ಲ, 10.4 ಎಂದರೆ ಕಾರ್ಡ್ ಎದುರಿಗಿಲ್ಲದ ವಂಚನೆ. ಮಾಸ್ಟರ್‌ಕಾರ್ಡಿನಲ್ಲಿ ಒಪ್ಪಿಗೆಯಿಲ್ಲದ ಖರೀದಿಗೆ 4837, ಮಾಲಿನ ತಕರಾರಿಗೆ 4853. 13.1ಕ್ಕೆ ಪಿಒಡಿ ಬೇಕು, ವಿಡಿಯೊ ಅಲ್ಲ. 13.3ಕ್ಕೆ ಅಂಗಡಿ ಪುಟದ ಆ ದಿನದ ವಿವರ, ಅಳತೆ, ಕೈಮಗ್ಗದ ನೂಲಿನಲ್ಲಿ ಸಣ್ಣ ಏರುಪೇರು ಸಹಜ ಎಂದು ಬರೆದಿದ್ದ ಸಾಲು, ಪ್ಯಾಕಿಂಗ್ ವಿಡಿಯೊದ ಚಿತ್ರಗಳು. 10.4ಕ್ಕೆ ಇವು ಯಾವುವೂ ನಡೆಯುವುದಿಲ್ಲ. ಮೊದಲ ಸಲ ಬಂದ ಗಿರಾಕಿ, ಇಸಿಐ 07 ಎಂದಾದರೆ ಒಪ್ಪಿಕೊಂಡುಬಿಡಿ, ಆ ದಿನವನ್ನು ಬೇರೆ ಕೆಲಸಕ್ಕೆ ಉಳಿಸಿಕೊಳ್ಳಿ. ಹಳೆಯ ಗಿರಾಕಿಯಾದರೆ ಒಂದು ದಾರಿ ಉಂಟು: ವೀಸಾ 2023ರ ಏಪ್ರಿಲ್ 15ರಿಂದ ತಂದ ನಿಯಮದಂತೆ, ಅದೇ ಕಾರ್ಡಿನಿಂದ ಈ ಹಿಂದೆ, 120 ದಿನಕ್ಕಿಂತ ಹಳೆಯದಾದರೂ 365 ದಿನದೊಳಗಿನ, ವಂಚನೆಯ ದೂರಿಲ್ಲದ ಎರಡು ಖರೀದಿ ತೋರಿಸಬೇಕು. ಆ ಎರಡಕ್ಕೂ ಈಗಿನದಕ್ಕೂ ಕನಿಷ್ಠ ಎರಡು ವಿವರ ತಾಳೆಯಾಗಬೇಕು, ಅವುಗಳಲ್ಲಿ ಒಂದು ಐಪಿ ವಿಳಾಸ ಅಥವಾ ಸಾಧನದ ಗುರುತು ಆಗಿರಬೇಕು. ಇನ್ನೊಂದು ಲಾಗಿನ್ ಅಥವಾ ತಲುಪಿಸಿದ ವಿಳಾಸ ಆಗಬಹುದು. ಪ್ರತಿ ಆರ್ಡರಿನ ಐಪಿಯನ್ನು ಒಂದು ವರ್ಷವಾದರೂ ಉಳಿಸಿ ಎನ್ನುವುದು ಇದಕ್ಕೇ.

ಉತ್ತರ ಇಂಗ್ಲಿಷಿನಲ್ಲಿ, ಒಂದೇ ಪುಟ. ಓದುವ ಬ್ಯಾಂಕಿನವರಿಗೆ ನಿಮ್ಮ ಅಂಗಡಿ ಗೊತ್ತಿಲ್ಲ, ಇಳಕಲ್ ಎಲ್ಲಿದೆ ಎಂದೂ ಗೊತ್ತಿಲ್ಲ. ಆರ್ಡರ್ ಯಾವತ್ತು, ಏನು, ಎಷ್ಟಕ್ಕೆ, ಯಾವ ವಿಳಾಸಕ್ಕೆ, ಯಾವತ್ತು ತಲುಪಿತು, ಯಾರು ಸಹಿ ಮಾಡಿದರು ಎಂದು ದಿನಾಂಕದ ಸಾಲಿನಲ್ಲಿ ಬರೆಯಿರಿ. ಪ್ರತಿ ಸಾಲಿನ ಪಕ್ಕ ‘ಚಿತ್ರ 1’, ‘ಚಿತ್ರ 2’ ಎಂದು ಪುರಾವೆಯ ನಂಬರ್ ಹಾಕಿ. ಕೊರಿಯರ್ ಹಾಳೆಯಲ್ಲಿ ವಿಳಾಸ ಇರುವ ಜಾಗಕ್ಕೆ ಒಂದು ಚೌಕ ಎಳೆಯಿರಿ. ಗಿರಾಕಿ ಸುಳ್ಳು ಹೇಳುತ್ತಿದ್ದಾರೆ ಎಂದು ಬರೆಯಬೇಡಿ, ಕಾಗದಗಳೇ ಹೇಳಲಿ.

ಮಾಸ್ಟರ್‌ಕಾರ್ಡ್ ಒಂದು ಅಂಗಡಿಯನ್ನು ವಿಪರೀತ ಚಾರ್ಜ್‌ಬ್ಯಾಕ್ ಪಟ್ಟಿಗೆ ಸೇರಿಸಲು ತಿಂಗಳಿಗೆ ಕನಿಷ್ಠ 100 ಚಾರ್ಜ್‌ಬ್ಯಾಕ್ ಮತ್ತು ಶೇ 1.5 ಪ್ರಮಾಣ ಎರಡೂ ಆಗಬೇಕು. ನೀವು ಅಷ್ಟು ದೂರ ಹೋಗುವುದಿಲ್ಲ. ಆದರೆ ತಿಂಗಳಿಗೆ 80 ಆರ್ಡರ್ ಇರುವ ಅಂಗಡಿಗೆ ಎರಡು ಚಾರ್ಜ್‌ಬ್ಯಾಕ್ ಬಂದರೆ ಆಗಲೇ ಶೇ 2.5. ಗೇಟ್‌ವೇಯವರು ತಮ್ಮದೇ ಲೆಕ್ಕದಲ್ಲಿ ಸೆಟ್ಲ್‌ಮೆಂಟ್ ತಡೆಹಿಡಿಯಬಹುದು. ಆದ್ದರಿಂದ ಒಂದು ಹಾಳೆ ಇಟ್ಟುಕೊಳ್ಳಿ: ದಿನಾಂಕ, ಕಾರಣದ ಸಂಕೇತ, ಇಸಿಐ, ಮಾಲು, ಕೊರಿಯರ್, ತಲುಪಿಸಿದ ಊರು, ಗೆದ್ದದ್ದು ಸೋತದ್ದು. ಆರು ತಿಂಗಳಾದ ಮೇಲೆ ತೆರೆದಾಗ ನಾಲ್ಕು ಸಾಲಿನಲ್ಲಿ ಮೂರಕ್ಕೆ ಒಂದೇ ಕೊರಿಯರಿನ ಹೆಸರಿದ್ದರೆ ಬದಲಿಸಬೇಕಾದದ್ದು ಕೊರಿಯರನ್ನು. ಮೂರಕ್ಕೂ ಒಂದೇ ಬಣ್ಣದ ಸೀರೆ, 13.3 ಎಂದಿದ್ದರೆ ಆ ಸೀರೆಯನ್ನು ಬೆಳಿಗ್ಗೆಯ ಬಿಸಿಲಿಗೆ ಕಿಟಕಿಯ ಪಕ್ಕ ಹಿಡಿದು ಹೊಸದಾಗಿ ಫೋಟೊ ತೆಗೆಯಿರಿ.